ಮೂವತ್ತನೇ ಮತ

ನಮ್ಮ ಲೀಗಿನಲ್ಲಿ ವರ್ಷದ ಅತ್ಯಮೂಲ್ಯ ಬೇಸ್‌ಬಾಲ್ ಆಟಗಾರನನ್ನು ಆರಿಸುವವರು ಪತ್ರಕರ್ತರು. ತಂಡವಿರುವ ಊರಿಗೆ ಇಬ್ಬರಂತೆ ಮೂವತ್ತು ಜನ. ಹತ್ತು ಹೆಸರುಗಳನ್ನು ಕ್ರಮವಾಗಿ ಬರೆದು, ಕೊನೆಯ ಸುತ್ತಿನ ಪ್ಲೇಆಫ್ ಪಂದ್ಯಗಳು ಶುರುವಾಗುವ ಮೊದಲೇ ಕಳಿಸಿಬಿಡಬೇಕು. ಆಮೇಲೆ ತಿದ್ದುವಂತಿಲ್ಲ. ಆ ವರ್ಷ ಕ್ಲೀವ್‌ಲ್ಯಾಂಡಿನ ಎರಡು ಮತಗಳಲ್ಲಿ ಒಂದು ನನ್ನದು, ಇನ್ನೊಂದು ಲೊರೇನ್ ಅವರದು.

ಸೀಸನ್ನಿನ ಕೊನೆಯ ಭಾನುವಾರ. ಸರೋವರದ ಗಾಳಿ ಪ್ರೆಸ್ ಬಾಕ್ಸಿನ ಕಿಟಕಿಗಳನ್ನು ಅಲುಗಿಸುತ್ತಿತ್ತು. ಕೆಳಗೆ ಮೈದಾನದಲ್ಲಿ ನಮ್ಮೂರ ತಂಡದ ಕ್ಲೇ ವುಕೊವಿಚ್ ತನ್ನ ನಲವತ್ನಾಲ್ಕನೆಯ ಹೋಮ್ ರನ್ ಹೊಡೆದು, ತಲೆ ತಗ್ಗಿಸಿಕೊಂಡು ಬೇಸ್‌ಗಳನ್ನು ಸುತ್ತುತ್ತಿದ್ದ. ಆ ತಗ್ಗಿಸಿದ ತಲೆಯನ್ನು ನಾನು ಹದಿನೈದು ವರ್ಷಗಳಿಂದ ಬಲ್ಲೆ.

ಕಾಲೇಜು ತಂಡದಲ್ಲಿ ಮೊದಲ ವರ್ಷ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಲ್ಲುತ್ತಿದ್ದವನು ನಾನು. ಎರಡನೆಯ ವರ್ಷ ಕ್ಲೇ ಬಂದ. ಕೋಚ್ ನನಗೇನೂ ಹೇಳಲಿಲ್ಲ. ಆಟಗಾರರ ಪಟ್ಟಿಯಲ್ಲಿ ನನ್ನ ಹೆಸರಿದ್ದ ಕಡೆ ಅವನ ಹೆಸರು ಬರೆದರು. ಉಳಿದ ಮೂರು ವರ್ಷ ಬೆಂಚಿನ ಮೇಲೆ ಕೂತೆ. ಇತಿಹಾಸದಲ್ಲಿ ಪದವಿ ಬಂತು. ನನ್ನ ಜಾಗ ಹೋದ ವಿಷಯ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಏನಯ್ಯ ಆರಿನ್, ಮೊದಲನೇ ಸಾಲಿಗೇ ಇಷ್ಟೊತ್ತಾ?" ಲೊರೇನ್ ಕಡಲೆಕಾಯಿ ಸುಲಿಯುತ್ತ ಕೇಳಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. "ನಾನು ತಿಂತಾ ತಿಂತಾನೇ ಹತ್ತೂ ಬರೆದ್ಹಾಕ್ದೆ."

"ನೂರ ಅರವತ್ತೆರಡರಲ್ಲಿ ನಮ್ಮ ತಂಡ ಗೆದ್ದಿರೋದು ಎಪ್ಪತ್ತೊಂದೇ ಪಂದ್ಯ, ಲೊರೇನ್. ಸೋತ ತಂಡದವನು ಹ್ಯಾಗೆ ಅತ್ಯಮೂಲ್ಯ ಆಗ್ತಾನೆ ಹೇಳಿ."

"ಅವನಿಲ್ದಿದ್ರೆ ಐವತ್ತೂ ಗೆಲ್ತಿರ್ಲಿಲ್ಲ. ಹೋದ ವರ್ಷ ಸಿಯಾಟಲ್ ಹುಡುಗನ್ನ ಮೊದಲು ಹಾಕಿದ್ಯಲ್ಲ, ಅವನ ತಂಡ ಏನು ಗೆದ್ದು ಗುಡ್ಡೆ ಹಾಕಿತ್ತಾ?"

"ಅದು ಬೇರೆ."

"ಹೌದಪ್ಪ, ಬೇರೆ. ಅವನು ನಿನ್ನ ಜೊತೆ ಕಾಲೇಜಲ್ಲಿ ಓದಿರ್ಲಿಲ್ಲ."

ನಾನು ಮೊದಲ ಸಾಲಿನಲ್ಲಿ ಬಾಸ್ಟನ್ನಿನ ಒಬ್ಬನನ್ನು ಬರೆದೆ. ಕ್ಲೇಯನ್ನು ಐದನೆಯವನನ್ನಾಗಿ ಬರೆದು ಕಳಿಸಿಬಿಟ್ಟೆ. ನನ್ನ ಹಾಗೆ ಯೋಚಿಸುವವರು ಇನ್ನೂ ಏಳೆಂಟು ಜನ ಇದ್ದೇ ಇರುತ್ತಾರೆ, ಅವನು ಸೋಲುತ್ತಾನೆ, ಅಷ್ಟು ಹೆಸರುಗಳ ನಡುವೆ ನನ್ನದೊಂದನ್ನೇ ಯಾರೂ ಬೊಟ್ಟು ಮಾಡುವುದಿಲ್ಲ ಎಂದುಕೊಂಡಿದ್ದೆ.

ಪಂದ್ಯ ಮುಗಿದ ಮೇಲೆ ನಾನು ಆಟಗಾರರ ಕೋಣೆಗೆ ಇಳಿದಾಗ ಕ್ಲೇ ತನ್ನ ಬೂಟುಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ಏನೋ ಪ್ರೊಫೆಸರ್, ಮುಖ ಯಾಕೆ ಹಿಂಗಿದೆ? ಅಮ್ಮ ನಿನ್ನ ಕೇಳ್ತಿದ್ಲು. ಈ ಸಲ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬಂದ್ಬಿಡು."

ಮತದ ಬಗ್ಗೆ ಅವನು ಕೇಳಲಿಲ್ಲ. ಒಂದು ಮಾತಾದರೂ ಕೇಳಿದ್ದರೆ ಅವನನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು.

ನವೆಂಬರಿನಲ್ಲಿ ಫಲಿತಾಂಶ ಬಂತು. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಪ್ರಥಮ ಮತಗಳು ಕ್ಲೇಗೆ. ಉಳಿದ ಒಂದರಲ್ಲಿ ಅವನು ಐದನೆಯವನು. ಯಾರು ಏನು ಬರೆದರೆಂದು ಹೆಸರು ಸಮೇತ ಪ್ರಕಟಿಸುವುದು ನಮ್ಮ ಸಂಘದ ಪದ್ಧತಿ. ಅರ್ಧ ಗಂಟೆಯಲ್ಲಿ ರೇಡಿಯೋದಲ್ಲಿ ಊರಿನವರು ನನ್ನ ಜನ್ಮ ಜಾಲಾಡತೊಡಗಿದರು.

"ಆ ಆರಿನ್ ಹ್ಯಾಸ್ಕೆಲ್‌ಗೆ ಮೊದ್ಲು ಒಂದು ಕನ್ನಡಕ ಕೊಡಿಸ್ರಪ್ಪ!" ಎಂದ ಒಬ್ಬ.

ಅಷ್ಟರಲ್ಲಿ ಕ್ಲೇ ಪತ್ರಕರ್ತರ ಮುಂದೆ ಬಂದ. ನನ್ನ ಬಗ್ಗೆ ಕೇಳಿದಾಗ ನಕ್ಕ. "ಆರಿನ್ ನನ್ನ ಹಳೇ ಗೆಳೆಯ. ಗೆಳೆಯನ ಪರ ಪಕ್ಷಪಾತ ಮಾಡಿದ ಅನ್ನಿಸ್ಕೋಬಾರದು ಅಂತ ಕೈ ಬಿಗಿ ಹಿಡಿದಿದ್ದಾನೆ. ಅವನಷ್ಟು ಪ್ರಾಮಾಣಿಕ ಇನ್ನೊಬ್ಬನಿಲ್ಲ."

ಬೈದವರೇ ಹೊಗಳತೊಡಗಿದರು. ಗೆಳೆತನ ಮತ್ತು ಕರ್ತವ್ಯದ ಬಗ್ಗೆ ಒಂದು ಅಂಕಣ ಬರೆದುಕೊಡು ಎಂದರು ಸಂಪಾದಕರು. ನಾನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಆದರೆ ನನ್ನ ಒಳ್ಳೆಯ ಹೆಸರೂ ಅವನ ಕೊಡುಗೆಯೇ ಆಗಿಬಿಡುತ್ತದಲ್ಲ ಎಂಬುದನ್ನು ತಡೆಯಲಾಗಲಿಲ್ಲ. ಮರುದಿನ ಬೆಳಗ್ಗೆ ಫೋನ್ ಮಾಡಿದೆ.

"ಕ್ಲೇ, ಅದು ಪ್ರಾಮಾಣಿಕತೆ ಅಲ್ಲ. ಹೊಟ್ಟೆಕಿಚ್ಚು."

ಆ ಕಡೆ ತಟ್ಟೆಗಳ ಸದ್ದು. ಅವನ ಮಗಳು ಹಾಲು ಕೇಳುತ್ತಿದ್ದಳು.

"ಗೊತ್ತು ಕಣೋ," ಎಂದ.

"ಮತ್ಯಾಕೆ ಹಾಗಂದೆ?"

"ಇನ್ನೇನು ಅನ್ಲಿ? ಅಷ್ಟು ಮೈಕ್ ಮುಂದೆ ನಿನ್ನ ಮರ್ಯಾದೆ ತೆಗೀಲಾ?" ಆಮೇಲೆ ಲೋಟಕ್ಕೆ ಹಾಲು ಸುರಿದ ಸದ್ದಾಯಿತು. "ಆದ್ರೂ ಮೂವತ್ತಕ್ಕೆ ಮೂವತ್ತು ಬಂದಿದ್ರೆ ಚೆನ್ನಾಗಿರ್ತಿತ್ತು ಮಾರಾಯ. ಅಂಥದ್ದು ಇನ್ನೊಂದ್ಸಲ ಎಲ್ಲಿ ಬರತ್ತೆ?"

ಅವನ ದನಿಯಲ್ಲಿ ನೋವನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಒಳಗೊಳಗೇ ಹಾಯೆನಿಸಿತು.

ಮಧ್ಯಾಹ್ನ ಕೂತು ಇದ್ದದ್ದನ್ನು ಇದ್ದಂತೆ ಬರೆದೆ. ಹಾಯೆನಿಸಿದ್ದನ್ನೂ ಬರೆದೆ. ಸಂಪಾದಕರು ಎರಡು ಸಲ ಓದಿ, ಕೊನೆಗೆ ಅದೊಂದು ಸಾಲನ್ನಾದರೂ ತೆಗೆಯಲೇ ಎಂದು ಕೇಳಿದರು.

ಬೇಡ ಎಂದೆ.