ಏಳನೆಯವಳು

೨೦೨೫ರ ನವೆಂಬರ್ ೧೫, ಶನಿವಾರ ಬೆಳಿಗ್ಗೆ, ಅಡಿಲೇಡ್‌ನ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ಪರ್ತ್ ಕನ್ನಡ ಬಳಗದ ಪರವಾಗಿ ಕಣಕ್ಕಿಳಿದ ಹೆಂಗಸರು ಏಳು ಜನ. ಥ್ರೋಬಾಲ್ ತಂಡಕ್ಕೆ ಬೇಕಾದದ್ದೂ ಏಳೇ. ಮಧ್ಯಾಹ್ನದ ಹೊತ್ತಿಗೆ ಆ ಸಂಖ್ಯೆಯ ಮೇಲೆ ತಕರಾರು ಎದ್ದಿತು. ಬಗೆಹರಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಮೈಸೂರಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮಗ ಪರ್ತ್‌ನ ಜೂಂಡಲಪ್ ಬಡಾವಣೆಯಲ್ಲಿ ವೈದ್ಯ. ನಾನೂ ನನ್ನ ಹೆಂಡತಿ ಕಮಲಾಳೂ ಅವನ ಜೊತೆಗಿದ್ದೇವೆ. ಕಮಲಾ ಕಾಲೇಜು ದಿನಗಳಲ್ಲಿ ಥ್ರೋಬಾಲ್ ಆಡಿದವಳು, ಈಗ ಪರ್ತ್ ತಂಡವನ್ನು ನೋಡಿಕೊಳ್ಳುತ್ತಾಳೆ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಬಳಗಗಳ ನಡುವೆ ಪ್ರತಿ ರಾಜ್ಯೋತ್ಸವದ ತಿಂಗಳಲ್ಲಿ ಪಂದ್ಯ ನಡೆಯುತ್ತದೆ. ನಾನು ಪರ್ತ್‌ನವನಾದರೂ ನನ್ನ ಎಣಿಕೆಯನ್ನು ಯಾರೂ ಪ್ರಶ್ನಿಸಿರಲಿಲ್ಲವಾದ್ದರಿಂದ ಮೂರೂ ಊರಿನವರು ನನ್ನನ್ನೇ ಮುಖ್ಯ ಅಂಪೈರ್ ಮಾಡಿದ್ದರು.

ಏಳನೆಯವಳ ಹೆಸರು ನಿಸರ್ಗ. ತುಮಕೂರಿನವಳು, ಜೂಂಡಲಪ್‌ನಲ್ಲಿ ನರ್ಸಿಂಗ್ ಓದುತ್ತ ಮೋರ್ಲಿಯ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿನವರೆಗೆ ಮನೆಯವರು ಅವಳನ್ನು ಗಂಡುಮಗನೆಂದು ಬೆಳೆಸಿದ್ದರು. ತಾನು ಹೆಣ್ಣೆಂದು ಹೇಳಿದ ಮೇಲೆ ಅವರ ಫೋನು ನಿಂತಿತು. ಇದನ್ನೆಲ್ಲ ಅವಳು ಮೊದಲ ದಿನವೇ ಕಮಲಾಳಿಗೆ ತಿಳಿಸಿದ್ದಳು. ಕಮಲಾ ಕೇಳಿದ್ದು ಒಂದೇ ಪ್ರಶ್ನೆ: "ಚೆಂಡು ಹಿಡಿಯೋಕೆ ಬರುತ್ತಾ?"

ಒಂದು ಸಲ ಕಮಲಾ ಅವಳಿಗೆ ಸ್ಟೀಲ್ ಡಬ್ಬಿಯಲ್ಲಿ ಚಟ್ನಿಪುಡಿ ಕೊಟ್ಟಿದ್ದಳು. ಮುಂದಿನ ವಾರ ನಿಸರ್ಗ ಡಬ್ಬಿಯನ್ನು ತೊಳೆದು, ಒರೆಸಿ, ಹಿಂದಿರುಗಿಸಿದಳು. ಕಮಲಾ ಮುಚ್ಚಳ ತೆಗೆದು ನೋಡಿ ಬೈದಳು.

"ಏನೇ ಕತ್ತೆ, ಖಾಲಿ ತಂದಿದೀಯಲ್ಲೇ! ಹೆಣ್ಣುಮಕ್ಕಳು ಖಾಲಿ ಡಬ್ಬಿ ವಾಪಸ್ ಕೊಡ್ತಾರೇನೇ? ಏನೂ ಇಲ್ದಿದ್ರೆ ಒಂದು ಚಮಚ ಸಕ್ಕರೆನಾದ್ರೂ ಹಾಕಿ ಕೊಡ್ಬೇಕು. ನಿಮ್ಮಮ್ಮ ಹೇಳಿಕೊಟ್ಟಿಲ್ವಾ?"

"ನಂಗ್ಯಾಕೆ ಹೇಳಿಕೊಡ್ತಾರೆ ಆಂಟಿ? ಅವರ ಲೆಕ್ಕದಲ್ಲಿ ನಾನು ಹುಡುಗ ಅಲ್ವಾ?"

"ಈಗ ಕಲಿ ಮತ್ತೆ. ಸಕ್ಕರೆ ಇದೆಯೋ, ಅದನ್ನೂ ನಾನೇ ಕೊಡ್ಲೋ?"

ನಿಸರ್ಗ ನಗಲು ಹೋಗಿ ಮುಖ ತಿರುಗಿಸಿಕೊಂಡಳು. ಅಂದಿನಿಂದ ತಂಡದವರೆಲ್ಲ ಅವಳನ್ನು "ಬಾರೇ", "ಹೋಗೇ", "ಸುಮ್ನಿರೇ" ಎಂದೇ ಕರೆದರು. ಬೈಗುಳ ಕೇಳಲೆಂದೇ ಅವಳು ಅಭ್ಯಾಸಕ್ಕೆ ಬರುತ್ತಾಳೆಂದು ನನಗೆ ಅನ್ನಿಸುತ್ತಿತ್ತು. ಬೇರೆಲ್ಲೂ ಅವಳನ್ನು ಹಾಗೆ ಬೈಯುವವರಿರಲಿಲ್ಲ.

ಅಡಿಲೇಡ್‌ನಲ್ಲಿ ಬೆಳಗಿನ ಪಂದ್ಯ ಬ್ರಿಸ್ಬೇನ್ ಎದುರು. ಎರಡನೆಯ ಸೆಟ್ಟಿನಲ್ಲಿ ನಿಸರ್ಗಳ ಸರ್ವ್ ಹಿಡಿಯಲು ಹೋದ ಚೈತನ್ಯಾಳ ಉಂಗುರದ ಬೆರಳು ಮುರಿಯಿತು. ಹತ್ತೊಂಬತ್ತರ ಹುಡುಗಿ. ಅವಳ ತಂದೆ ರಾಘವ ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಕ್ಲಿನಿಕ್ ನಡೆಸುವ ವೈದ್ಯರು, ಆ ತಂಡದ ಮುಖ್ಯಸ್ಥರು. ಪಂದ್ಯವನ್ನು ನಾವು ಗೆದ್ದೆವು. ನಾಲ್ಕು ಗಂಟೆಗೆ ಅದೇ ಎರಡು ತಂಡಗಳ ನಡುವೆ ಫೈನಲ್. ರಾಘವರು ಮಗಳ ಬೆರಳಿಗೆ ಪಟ್ಟಿ ಕಟ್ಟಿ ನೇರವಾಗಿ ನನ್ನ ಮೇಜಿಗೆ ಬಂದರು.

"ಸರ್, ನನ್ನ ಕ್ಲಿನಿಕ್‌ಗೂ ಇಂಥವರು ಬರ್ತಾರೆ. ಒಬ್ಬರಿಗೂ ಅಗೌರವ ತೋರ್ಸಿಲ್ಲ. ಆದ್ರೆ ಇದು ಗೌರವದ ವಿಷಯ ಅಲ್ಲ, ಮೂಳೆ ವಿಷಯ. ಗಂಡು ದೇಹವಾಗಿ ಬೆಳೆದ ಭುಜ ಅದು. ಔಷಧಿ ತಗೊಂಡ್ರೆ ಬಲ ಸ್ವಲ್ಪ ಇಳಿಯುತ್ತೆ, ಎತ್ತರ ಇಳಿಯಲ್ಲ."

ಕಮಲಾ ಸುಮ್ಮನಿರುವವಳಲ್ಲ. "ಹೋದ ವರ್ಷ ನಮ್ಮ ಪೂರ್ವಿ ಎಸೆದಿದ್ದಕ್ಕೆ ನಿಮ್ಮವರ ಕನ್ನಡಕ ಪುಡಿಯಾಯ್ತಲ್ಲ ಡಾಕ್ಟ್ರೇ, ಆಗ ಅವಳ ಭುಜ ಅಳೆದ್ರಾ?"

"ಪೂರ್ವಿ ಬೇರೆ, ಇವರು ಬೇರೆ, ಆಂಟಿ."

ಚೈತನ್ಯಾ ಐಸ್ ಚೀಲ ಹಿಡಿದು ನಿಂತಿದ್ದಳು. ಅವಳನ್ನು ಕೇಳಿದೆ.

"ಅಂಕಲ್, ಐ ಡೋಂಟ್ ಹೇಟ್ ಹರ್. ನಾಲ್ಕು ವರ್ಷದಿಂದ ಪ್ರಾಕ್ಟೀಸ್ ಮಾಡ್ತಿದೀನಿ. ಆ ಸರ್ವ್ ಮುಂದೆ ನಿಂತಾಗ ಇನ್ನು ಎಷ್ಟು ಮಾಡಿದ್ರೂ ಸಾಲಲ್ಲ ಅನ್ಸುತ್ತೆ. ದೆನ್ ವಾಟ್ಸ್ ದ ಪಾಯಿಂಟ್?"

ಅದು ಸುಳ್ಳು ಹೇಳುವ ಮುಖವಾಗಿರಲಿಲ್ಲ.

ಆತಿಥೇಯ ತಂಡದ ಲಿಂಗರಾಜ ಕೈಮುಗಿದರು. "ಮೇಷ್ಟ್ರೇ, ನಾವು ಬಿಸಿಬೇಳೆಬಾತ್ ಮಾಡ್ಸಿದೀವಿ, ಎಷ್ಟು ಬೇಕಾದ್ರೂ ಬಡಿಸ್ತೀವಿ. ವೋಟು ಮಾತ್ರ ಕೇಳ್ಬೇಡಿ."

ದೊಡ್ಡ ಕ್ರೀಡಾಸಂಸ್ಥೆಗಳು ಈ ವಿಷಯಕ್ಕೆ ತಮ್ಮ ತಮ್ಮ ನಿಯಮ ಮಾಡಿಕೊಂಡಿವೆಯೆಂದೂ ಅವುಗಳ ಮೇಲೆ ಜಗಳ ನಿಂತಿಲ್ಲವೆಂದೂ ಪತ್ರಿಕೆಯಲ್ಲಿ ಓದಿದ್ದೆ. ನಮ್ಮ ಪಂದ್ಯದ ನಿಯಮ ಒಂದೇ ಪುಟ. ಅದರಲ್ಲಿ 'ಮಹಿಳೆಯರು' ಎಂದಿದೆ, ವಿವರಣೆಯಿಲ್ಲ. ಬೆಳಗಿನ ಅಂಕಗಳನ್ನು ನೋಡಿದೆ. ನಿಸರ್ಗಳ ಸರ್ವಿನಿಂದ ಬಂದ ಅಂಕ ಎಂಟು, ಪೂರ್ವಿಯದರಿಂದ ಒಂಬತ್ತು. ಇದು ಒಂದು ಕಡೆಯ ಸಾಕ್ಷಿ. ಮುರಿದ ಬೆರಳು ಇನ್ನೊಂದು ಕಡೆಯ ಸಾಕ್ಷಿ. ಇವೆರಡಕ್ಕೂ ಸಾಮಾನ್ಯ ಛೇದವಿಲ್ಲ. ಆದರೂ ಛೇದವನ್ನು ಹುಡುಕುವುದೇ ನನ್ನ ಅಭ್ಯಾಸ.

"ನಿಸರ್ಗ ಆಡಲಿ," ಎಂದೆ. "ಸರ್ವ್ ಮಾಡುವುದು ಬೇಡ. ಅವಳ ಸರದಿ ಬಂದಾಗ ಮುಂದಿನವಳು ಮಾಡಲಿ."

ರಾಘವರು ಯೋಚಿಸಿ ಒಪ್ಪಿದರು. ಕಮಲಾ ಮಾತಾಡಲಿಲ್ಲ. ನಿಸರ್ಗಳನ್ನು ಕರೆಸಿ ತೀರ್ಪು ಹೇಳಿದೆ. ಅವಳು ಮಂಡಿಯ ಪಟ್ಟಿ ಸರಿಮಾಡಿಕೊಳ್ಳುತ್ತ ಕೇಳಿಸಿಕೊಂಡಳು.

"ಮೇಷ್ಟ್ರೇ, ನಾನು ಹೆಂಗಸಲ್ಲ ಅಂದ್ರೆ ಹೊರಗೆ ಕಳ್ಸಿ. ಹೆಂಗಸು ಅಂದ್ರೆ ಸರ್ವ್ ಕೊಡಿ. ತಂಡದಲ್ಲಿ ಏಳು ಇರುತ್ತೆ, ಇಲ್ಲ ಆರು ಇರುತ್ತೆ. ಆರೂವರೆ ಅಂತ ಇರುತ್ತಾ?"

ಅವಳು ತನ್ನ ತಂಡದ ಕಡೆ ತಿರುಗಿದಳು. ಆರು ಜನ ಗೋಡೆಯ ಪಕ್ಕ ನಿಂತಿದ್ದರು. ಯಾರಾದರೊಬ್ಬರು "ಬಾರೇ, ಆಡೋಣ, ನೋಡ್ಕೊಳ್ಳೋಣ" ಎಂದಿದ್ದರೆ ಸಾಕಿತ್ತು. ನಾನು ತೀರ್ಪು ಬದಲಿಸುತ್ತಿದ್ದೆನೋ ಇಲ್ಲವೋ, ಅವಳಿಗೆ ಸಾಕಾಗುತ್ತಿತ್ತು.

ಪೂರ್ವಿ ಅವಳ ಅತಿ ಹತ್ತಿರದ ಗೆಳತಿ. ಅದೇ ಮೋರ್ಲಿಯ ಅಂಗಡಿಯಲ್ಲಿ ಕೆಲಸ, ಒಂದೇ ಬಸ್ಸಿನಲ್ಲಿ ಓಡಾಟ. ನೆಲ ನೋಡುತ್ತ ಅವಳು ಹೇಳಿದಳು: "ನಿಮಗೆ ಹೇಗನ್ಸುತ್ತೋ ಹಾಗೆ ಮಾಡಿ, ನಿಸರ್ಗ. ನಾವು ರೆಸ್ಪೆಕ್ಟ್ ಮಾಡ್ತೀವಿ."

'ನಿಮಗೆ'. 'ಮಾಡಿ'. ಪೂರ್ವಿಗೆ ತಾನು ಏನು ಅಂದೆನೆಂದು ಗೊತ್ತಾಗಲಿಲ್ಲ. ಅವಳು ನೋಯಿಸದ ಮಾತು ಹುಡುಕಿದ್ದಳು, ಅಷ್ಟೇ. ನಿಸರ್ಗ ಮಾತ್ರ ಎಡವಿದವಳಂತೆ ಒಂದು ಹೆಜ್ಜೆ ಹಿಂದಿಟ್ಟಳು. ಆಮೇಲೆ ಹೋಗಿ ಬೆಂಚಿನ ಮೇಲೆ ಕುಳಿತಳು.

ಅವಳ ಬದಲು, ಬದಲಿ ಆಟಗಾರ್ತಿಯಾಗಿ ಬಂದಿದ್ದ ತನುಶ್ರೀ ಆಡಿದಳು. ೧೫–೧೧, ೧೫–೧೩. ಪರ್ತ್ ಗೆದ್ದಿತು. ಸೋತಿದ್ದರೆ ಅವಳು ಬೇಕಿತ್ತೆಂದಾದರೂ ಹೇಳಬಹುದಿತ್ತು. ಪ್ರತಿ ಅಂಕಕ್ಕೂ ನಿಸರ್ಗ ಚಪ್ಪಾಳೆ ತಟ್ಟಿದಳು. ಫೋಟೋಗೆ ನಿಲ್ಲುವಾಗ ಎಲ್ಲರೂ ಅವಳಿಗೆ ಜಾಗ ಬಿಟ್ಟರು. "ಬನ್ನಿ, ನೀವು ಮಧ್ಯೆ ನಿಂತ್ಕೊಳ್ಳಿ." ಬಿಟ್ಟ ಜಾಗ ಒಬ್ಬರಿಗೆ ಬೇಕಾದದ್ದಕ್ಕಿಂತ ದೊಡ್ಡದಾಗಿತ್ತು. ಅವಳು ಕ್ಯಾಮೆರಾ ತೆಗೆದುಕೊಂಡು, ತಾನೇ ಫೋಟೋ ತೆಗೆಯುವುದಾಗಿ ಹೇಳಿದಳು.

ವಿಮಾನನಿಲ್ದಾಣದಲ್ಲಿ ಎಲ್ಲರೂ ಅವಳನ್ನು ವಿಚಾರಿಸಿಕೊಂಡರು. ನೀರು ಬೇಕಾ ನಿಮಗೆ, ಕಿಟಕಿ ಸೀಟು ತಗೊಳ್ಳಿ, ಊಟ ಆಯ್ತಾ ನಿಮ್ದು. ಯಾರೂ ಕೆಟ್ಟವರಾಗಿರಲಿಲ್ಲ. ಕಮಲಾ ಕೂಡ, ಕೈಚೀಲದಿಂದ ಕೋಡುಬಳೆ ತೆಗೆದು, "ತಗೊಳ್ಳಮ್ಮ, ಸ್ವಲ್ಪ ತಿನ್ನಿ" ಎಂದಳು. ನಿಸರ್ಗ ಒಂದನ್ನು ತೆಗೆದುಕೊಂಡು, "ಥ್ಯಾಂಕ್ಸ್ ಆಂಟಿ" ಎಂದಳು. ತಿನ್ನಲಿಲ್ಲ.

ಮನೆ ತಲುಪಿದ ಮೇಲೆ ಕಮಲಾಳಿಗೆ ಹೇಳಿದೆ. "ನೀನೂ 'ತಿನ್ನಿ' ಅಂದೆ."

"ಅಂದ್ನಾ?" ಎಂದು ಕೈಚೀಲ ಕೆಳಗಿಟ್ಟಳು. "ಬೈಯೋಕೆ ಧೈರ್ಯ ಬರ್ಲಿಲ್ಲ ರೀ. ಆಗ ಅವಳ ಪರ ನಿಂತು ಒಂದು ಮಾತಾಡ್ಲಿಲ್ಲ. ಆಮೇಲೆ ಯಾವ ಮುಖ ಇಟ್ಕೊಂಡು ಕತ್ತೆ ಅನ್ಲಿ?"

ಮುಂದಿನ ಭಾನುವಾರ ನಿಸರ್ಗ ಅಭ್ಯಾಸಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನಿಗೆ ಉತ್ತರವಿರಲಿಲ್ಲ. ರಾಘವರು ನನಗೆ ಸಂದೇಶ ಕಳಿಸಿದರು: ಚೈತನ್ಯಾಳ ಬೆರಳು ಕೂಡುತ್ತಿದೆ, ಆದರೆ ಚೆಂಡು ಮುಟ್ಟುವುದಿಲ್ಲ ಎನ್ನುತ್ತಾಳೆ. ನನ್ನ ತೀರ್ಪಿನಿಂದ ಎರಡು ಕಡೆಗೂ ಒಬ್ಬೊಬ್ಬಳು ಕಡಿಮೆಯಾಗಿದ್ದಳು.

ಡಿಸೆಂಬರಿನಲ್ಲಿ ಪೂರ್ವಿ ಮನೆಗೆ ಬಂದಳು, ಕೈಯಲ್ಲಿ ನಮ್ಮ ಸ್ಟೀಲ್ ಡಬ್ಬಿ. ಅಡಿಲೇಡ್‌ಗೆ ಹೊರಡುವ ಮುಂಚೆ ಕಮಲಾ ಅದರಲ್ಲಿ ಪುಳಿಯೋಗರೆ ಗೊಜ್ಜು ಹಾಕಿ ನಿಸರ್ಗಳಿಗೆ ಕೊಟ್ಟಿದ್ದಳು.

"ಅಂಗಡಿ ಕೆಲ್ಸ ಬಿಟ್ಟಳು ಆಂಟಿ. ರೂಮೂ ಖಾಲಿ ಮಾಡಿದಾಳೆ. ಕೋರ್ಸು ಬಿಟ್ಟಳೋ ಬೇರೆ ಊರಿಗೆ ಬದಲಾಯಿಸಿಕೊಂಡಳೋ, ಗೊತ್ತಿಲ್ಲ. ಎಲ್ಲಿಗೆ ಅಂತ ಕೇಳ್ದೆ. 'ನೀವು ತುಂಬಾ ಒಳ್ಳೆಯವರು ಪೂರ್ವಿ' ಅಂದಳು. ನಂಗೆ 'ನೀವು' ಅಂದಳು ಆಂಟಿ." ಡಬ್ಬಿಯನ್ನು ಮುಂದೆ ಚಾಚಿದಳು. "ನಾನೇನ್ ಮಾಡ್ದೆ?"

ನಾನು ಡಬ್ಬಿ ಈಸಿಕೊಂಡು ಕಮಲಾಳ ಕೈಗಿಟ್ಟೆ. ಡಬ್ಬಿ ಹಗುರವಾಗಿತ್ತು. ತೊಳೆದು ಒರೆಸಿತ್ತು. ಖಾಲಿಯೆಂದೇ ನಾನು ತಿಳಿದೆ; ಹಾಗಿದ್ದರೆ ಅಲ್ಲಿಗೆ ಲೆಕ್ಕ ಮುಗಿಯುತ್ತಿತ್ತು. ಕಮಲಾ ಮುಚ್ಚಳ ತೆಗೆದಳು.

ತಳದಲ್ಲಿ ಒಂದು ಚಮಚ ಸಕ್ಕರೆ.

ಕಮಲಾ ಡಬ್ಬಿಯನ್ನು ಅಡುಗೆಮನೆಗೆ ಒಯ್ದಳು. "ರೀ, ಈಗ ಸರದಿ ನಂದು," ಎಂದಳು. "ತುಂಬಿ ಕಳಿಸಬೇಕು. ಎಲ್ಲಿಗೆ ಕಳಿಸ್ಲಿ?"

ನನಗೆ ಗೊತ್ತಿರಲಿಲ್ಲ. ತುಮಕೂರಿನ ಮನೆಯವರಿಗೆ ಫೋನ್ ಮಾಡಿದೆ. ಅವರು ಅಂಥ ಹೆಸರಿನ ಮಗಳು ತಮಗಿಲ್ಲವೆಂದರು. ಡಬ್ಬಿ ಮೇಲಿನ ಕಪಾಟಿನಲ್ಲಿದೆ. ಬೇಸಿಗೆಯ ಇರುವೆ ಬಾರದಂತೆ ಕಮಲಾ ಅದನ್ನು ನೀರಿನ ತಟ್ಟೆಯಲ್ಲಿಟ್ಟಿದ್ದಾಳೆ. ನೀರು ಆರಿದಾಗ ನಾನು ಹಾಕುತ್ತೇನೆ. ಬಾಕಿ ನಮ್ಮ ಕಡೆಯಿಂದಲೇ ಇದೆ.