ಬಿಟ್ಟವನಿಗೆ ಬಿಡುವಿಲ್ಲ

"ಬಾಯಲ್ಲಿ ಹೊಗೆ ಇಲ್ಲ, ಕಟ್ಟೆ ಮೇಲೆ ಅಂಡು ಮಾತ್ರ ಇದೆ. ಏಳೋ ಬೋಳಿಮಗನೇ," ಎಂದ ಸೀಟಿ.

ಸೀಟಿ ಎಂದರೆ ನಮ್ಮ ಲಾಂಡ್ರಿಯ ಮೇಸ್ತ್ರಿ. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಆ ಹೆಸರು, ಎದುರಿಗೆ ಮಾತ್ರ ಯಜಮಾನ್ರು. ಹೋಟೆಲುಗಳ, ಆಸ್ಪತ್ರೆಗಳ ಹಾಸುಬಟ್ಟೆಗಳೆಲ್ಲ ನಮ್ಮಲ್ಲಿಗೇ ಬರುತ್ತವೆ. ಹಬೆ ಇಸ್ತ್ರಿಯ ಮುಂದೆ ದಿನಕ್ಕೆ ಹತ್ತು ಗಂಟೆ ನಿಲ್ಲುವವನು ನಾನು. ಜನ ಮಲಗುವ ಬಟ್ಟೆಗಾಗಿ ನಾವು ನಿಂತು ನಿಂತು ಸಾಯಬೇಕು ಎಂಬುದು ಯಾವ ನ್ಯಾಯವೋ.

ಹಿಂದೊಮ್ಮೆ ಯಾರದೋ ಸಿಗರೇಟಿನ ಕಿಡಿ ಬಿದ್ದು ಒಂದು ಹಾಸುಬಟ್ಟೆ ತೂತಾಯಿತಂತೆ. ಅಂದಿನಿಂದ ಒಂದು ಕಾಯಿದೆ. ಸೇದುವವರು ಬಾಯ್ಲರ್ ಹಿಂದಿನ ಕಟ್ಟೆಗೆ ಹೋಗಿ, ಒಂದು ಸಿಗರೇಟು ಮುಗಿಯುವ ತನಕ ಕೂತು ಬರಬೇಕು. ದಿನಕ್ಕೆ ಎರಡು ಸಲ, ಮೇಸ್ತ್ರಿ ಸೀಟಿ ಊದಿದಾಗ. ಸೇದದವರಿಗೆ ಹೊರಗೇನು ಕೆಲಸ? ಅವರಿಗೆ ಬಿಡುವೇ ಇಲ್ಲ. ಕೆಲಸಕ್ಕೆ ಸೇರಿದ ಮೂರನೆಯ ದಿನವೇ ನಾನು ಸೇದಲು ಕಲಿತೆ. ನನಗೆ ಹತ್ತಿದ್ದು ತಂಬಾಕಿನ ಚಟವಲ್ಲ, ಕೂರುವ ಚಟ. ಸಂಜೆ ಹೆಂಡದಂಗಡಿಗೆ ಹೋಗತೊಡಗಿದ್ದೂ ಹಾಗೆಯೇ. ಮನೆಯ ದಾರಿಯಲ್ಲಿ ಬೆಂಚು ಇರುವುದು ಅಲ್ಲೊಂದೇ ಕಡೆ. ಬರಿಗೈಲಿ ಕೂತರೆ ಏಳು ಅನ್ನುತ್ತಾರೆ, ಲೋಟ ಹಿಡಿದು ಕೂತರೆ ಅಣ್ಣಾ ಅನ್ನುತ್ತಾರೆ.

ಕೂರಲು ಕಲಿತ ಚಟ ತಲೆಯ ಮೇಲೇ ಕೂತಿತು. ಹದಿನಾಲ್ಕು ವರ್ಷಗಳಲ್ಲಿ ಎಲ್ಲಿಗೆ ಮುಟ್ಟಿತೆಂದರೆ, ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ನನ್ನ ಕೈ ಜೇಬಿಗೆ ಹೋಗುತ್ತಿತ್ತು.

ಕಳೆದ ತಿಂಗಳು ಕೆಮ್ಮಿದಾಗ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಲೆ ರಕ್ತ ಬಿತ್ತು. ಸೀಟಿ ಬಟ್ಟೆ ನೋಡಿ ಬೈದ, ಡಾಕ್ಟರು ಎದೆ ನೋಡಿ ಬೈದರು. ಸೇದಿದರೆ ಒಂದು ವರ್ಷ, ಬಿಟ್ಟರೆ ಮೊಮ್ಮಕ್ಕಳನ್ನು ಕಾಣಬಹುದು ಅಂದರು. ಹೆದರಿ ಬಿಟ್ಟೆ. ಒಂಬತ್ತು ದಿನ ಹಚ್ಚದ ಸಿಗರೇಟನ್ನು ತುಟಿಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತು ಬಂದೆ. ಹತ್ತನೆಯ ದಿನ ಸೀಟಿಗೆ ಗೊತ್ತಾಯಿತು.

ಡಾಕ್ಟರು ಹೇಳಿದ್ದನ್ನೆಲ್ಲ ಅವನಿಗೆ ಒಪ್ಪಿಸಿದೆ. ಅವನು ತಲೆದೂಗುತ್ತ ಕೇಳಿದ.

"ಬಿಟ್ಟಿದ್ಯಾ? ಒಳ್ಳೇದು. ಹಾಗಾದ್ರೆ ಬಿಡುವನ್ನೂ ಬಿಡು. ಕೂರ್ಬೇಕು ಅಂದ್ರೆ ಹಚ್ಚು." ಹಾಗೆಂದು ತನ್ನ ಲೈಟರನ್ನೇ ಹೊತ್ತಿಸಿ ಹಿಡಿದ. ಹದಿನಾಲ್ಕು ವರ್ಷಗಳಲ್ಲಿ ಅವನು ನನಗೆ ಮಾಡಿದ ಮೊದಲ ಉಪಕಾರ ಅದು.

ನನ್ನ ಕಾಲುಗಳು ಊದಿದ್ದವು. ಇಸ್ತ್ರಿಯ ಮುಂದೆ ಇನ್ನೂ ಐದು ಗಂಟೆ ನಿಲ್ಲಬೇಕಿತ್ತು. ಸುಳ್ಳೇಕೆ ಹೇಳಲಿ, ಎದೆಗಿಂತ ಕಾಲಿನ ಮಾತೇ ಜೋರಾಗಿ ಕೇಳಿಸಿತು. ಒಂದೇ ಒಂದು, ಒಳಕ್ಕೆಳೆಯದೆ ಬಾಯಲ್ಲೇ ಹೊಗೆಯಾಡಿಸಿದರಾಯಿತು ಅಂದುಕೊಂಡೆ. ಚಟ ಯಾವತ್ತೂ ಒಂದೇ ಒಂದು ಅಂತಲೇ ಬರುವುದು. ಮುಖವನ್ನು ಮುಂದೆ ಚಾಚಿದೆ.

ಆಗ ನನ್ನ ಅತ್ತೆ ಬಂದರು. ಹೆಂಡತಿಯ ತಾಯಿ. ಇಪ್ಪತ್ತೆರಡು ವರ್ಷಗಳಿಂದ ಇದೇ ಲಾಂಡ್ರಿಯ ಮಡಿಸುವ ಮೇಜಿನ ಮುಂದೆ ನಿಂತವರು. ಸೇದದ ತಪ್ಪಿಗೆ ಈ ಕಟ್ಟೆಯ ಮೇಲೆ ಒಂದು ದಿನವೂ ಕೂತವರಲ್ಲ. ನನ್ನ ಸಿಗರೇಟಿಗೆ ಅವರು ಹಾಕಿದ ಶಾಪ ಫಲಿಸಿದ್ದರೆ ತಂಬಾಕಿನ ಬೆಳೆಯೇ ಒಣಗಬೇಕಿತ್ತು. ನನ್ನ ತುಟಿಯಿಂದ ಸಿಗರೇಟನ್ನು ಕಿತ್ತು ಚರಂಡಿಗೆ ಎಸೆದರು. ಪಕ್ಕದಲ್ಲಿ ಕೂತರು, ಮಂಡಿಗಳು ಲಟಲಟ ಎಂದವು. ಕಲೆ ಇರುವ ಬಟ್ಟೆಗೆ ಗುರುತು ಹಾಕುವ ಎರಡು ನೀಲಿ ಸೀಮೆಸುಣ್ಣಗಳನ್ನು ಮೇಲಂಗಿಯ ಜೇಬಿನಿಂದ ತೆಗೆದು, ಒಂದನ್ನು ನನ್ನ ಬಾಯಿಗೆ ತುರುಕಿ ಇನ್ನೊಂದನ್ನು ತಾವು ಕಚ್ಚಿಕೊಂಡರು.

"ಏನಮ್ಮಾ ಇದು?" ಎಂದ ಸೀಟಿ.

"ಸಿಗರೇಟು."

"ಹೊಗೆ ಎಲ್ಲಿ?"

"ನುಂಗ್ತಿದ್ದೀನಿ. ಹೊರಗೆ ಬಿಟ್ರೆ ನಿಮ್ಮ ಬಟ್ಟೆ ಮಾಸುತ್ತೆ."

ಸುಳ್ಳನ್ನು ಬಯಲಿಗೆಳೆಯಲು ಅವನು ಲೈಟರನ್ನು ಅತ್ತೆಯ ಸೀಮೆಸುಣ್ಣದ ತುದಿಗೆ ಹಿಡಿದ. ತುದಿ ಕಪ್ಪಾಯಿತು, ಅಷ್ಟೇ. ಅತ್ತೆ ಕಣ್ಣು ಮುಚ್ಚಿ ದೀರ್ಘವಾಗಿ ಎಳೆದರು. ಸುಟ್ಟಿದ್ದು ಅವನ ಹೆಬ್ಬೆರಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಡಿಸುವ ಹೆಂಗಸರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಏಳು ಜನ ಬಂದು, ಸೀಮೆಸುಣ್ಣ ಕಚ್ಚಿಕೊಂಡು ಕೂತರು. ಒಬ್ಬಳು ಇಲ್ಲದ ಬೂದಿಯನ್ನು ಬೆರಳಿನಿಂದ ತಟ್ಟಿ ಉದುರಿಸಿದಳು. ಇನ್ನೊಬ್ಬಳು ಥೇಟ್ ನನ್ನ ಹಾಗೆಯೇ ಕೆಮ್ಮಿದಳು, ನನಗೆ ಸ್ವಲ್ಪ ಬೇಜಾರೂ ಆಯಿತು.

ನಾಳೆಯಿಂದ ಒಬ್ಬರನ್ನೂ ಗೇಟಿನೊಳಗೆ ಬಿಡುವುದಿಲ್ಲ ಎಂದ ಸೀಟಿ. ಬಿಡದೆಯೂ ಇರಬಹುದು, ಅವನು ಅಂಥವನೇ. ನನಗೆ ಹೆದರಿಕೆಯಾಯಿತು. ಅವನು ಕೆನ್ನೆ ಉಬ್ಬಿಸಿ ಸೀಟಿ ಊದಿದ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಅತ್ತೆ ಅದರ ಮೇಲೊಂದು ಬಿಟ್ಟರು.

ಒಳಗೆ ಮಡಿಸುವವರಿಲ್ಲದೆ ಬಟ್ಟೆ ರಾಶಿಯಾಗುತ್ತಿತ್ತು. ಅವನು ಮತ್ತೆ ಊದಿದ.

"ಮುಗಿದ ಮೇಲೆ ತಾನೇ ಏಳೋದು? ಕಾಯಿದೆ ನಿಮ್ದೇ ಅಲ್ವಾ," ಎಂದರು ಅತ್ತೆ. ಬಾಯಿಂದ ಸೀಮೆಸುಣ್ಣ ತೆಗೆದು, ಎಷ್ಟು ಸುಟ್ಟಿದೆ ಎಂದು ತಿರುಗಿಸಿ ನೋಡಿ, ಮತ್ತೆ ತುಟಿಗಿಟ್ಟುಕೊಂಡರು.

"ಇದು ಇನ್ನೂ ಈಗ ಹಚ್ಚಿದ್ದು."