ನಾ ಹರಕತ

ನನ್ನ ಕೆಲಸವೇ ತಪ್ಪು ಹುಡುಕುವುದು. ಮಹಾರಾಷ್ಟ್ರದ ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಯಲ್ಲಿ ಬಟ್ಟೆ ತಪಾಸಣೆ ಮಾಡುತ್ತೇನೆ. ನೂರು ಮೀಟರಿನಲ್ಲಿ ಒಂದೆಳೆ ಕಡಿದಿದ್ದರೂ ರಾಜಕುಮಾರನ ಕಣ್ಣು ತಪ್ಪದು ಎಂದು ಊರೆಲ್ಲ ಜಂಬ ಕೊಚ್ಚಿದವನು. ಮರಾಠಿ ಶಾಲೆಯಲ್ಲಿ ಹತ್ತನೆಯ ತನಕ ಓದಿದ್ದಕ್ಕೆ ಕನ್ನಡ ಮಾತಾಡುವ ನಮ್ಮ ಗಲ್ಲಿಯ ಮಂಡಳಕ್ಕೆ ಕಾರ್ಯದರ್ಶಿಯನ್ನಾಗಿಯೂ ಮಾಡಿದ್ದರು.

ಅಧ್ಯಕ್ಷೆ ಗಂಗುಬಾಯಿ, ನಮ್ಮೆಲ್ಲರ ಗಂಗಕ್ಕ. ಬಾಗಲಕೋಟೆ ಕಡೆಯಿಂದ ಸೊಸೆಯಾಗಿ ಬಂದವಳು, ಮಗ್ಗದ ಲಾಳಿಗೆ ಹಾಕುವ ಕಾಂಡಿಗೆ ಮಶೀನಿನಲ್ಲಿ ನೂಲು ಸುತ್ತುವ ಕೆಲಸದವಳು. ಶಾಲೆಯ ಮುಖ ನೋಡಿಲ್ಲ. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು ನೋಡುತ್ತ ಒಂದೊಂದೇ ಮರಾಠಿ ಅಕ್ಷರ ಕೂಡಿಸಿ ಓದಲು ಕಲಿತಿದ್ದಳು.

ಗಲ್ಲಿಯ ತುದಿಗೆ ಒಂದು ಸರಕಾರಿ ಬಯಲು, ಅದರಲ್ಲಿ ಎಂದೋ ಬತ್ತಿದ ಬೋರು. ಮೂರು ವರ್ಷದ ಹಿಂದೆ ಗಂಗಕ್ಕ ಹೆಂಗಸರನ್ನು ಕಟ್ಟಿಕೊಂಡು ಆ ಬೋರಿನ ಸುತ್ತ ಗುಂಡಿ ತೋಡಿಸಿದಳು. ಇಟ್ಟಿಗೆ ಚೂರು, ಜಲ್ಲಿಕಲ್ಲು ತುಂಬಿಸಿ, ನಲವತ್ತೆರಡು ಮನೆಗಳ ಮಾಳಿಗೆಯ ಮಳೆನೀರನ್ನು ಪೈಪಿನಲ್ಲಿ ಅಲ್ಲಿಗೆ ತಿರುಗಿಸಿದಳು. ನಾವು ಗಂಡಸರು ಕಟ್ಟೆಯ ಮೇಲೆ ಕೂತು ನಕ್ಕೆವು. ಎರಡನೆಯ ಬೇಸಿಗೆಗೆ ಬೋರಿನಲ್ಲಿ ನೀರು ಬಂತು! ಪಕ್ಕದ ಗಲ್ಲಿಯವರು ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವಾಗ ನಮ್ಮವರು ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕುತ್ತಿದ್ದರು. ನಾವು ನಕ್ಕಿದ್ದನ್ನು ಗಂಗಕ್ಕ ಒಂದು ದಿನವೂ ಎತ್ತಿ ಆಡಲಿಲ್ಲ.

ಹೀಗಿರುವಾಗ ಈ ವರ್ಷ ಪಾಲಿಕೆಯ ಕಚೇರಿಯಿಂದ ಒಂದು ನೋಟೀಸು ಬಂತು. ಬಯಲಿಗೆ ಸಿಮೆಂಟು ಹಾಕಿ ವಾಹನ ನಿಲ್ಲಿಸುವ ಜಾಗ ಮಾಡುವುದಿದೆ, ಹದಿನೈದು ದಿನದೊಳಗೆ ಅಭಿಪ್ರಾಯ ತಿಳಿಸಿರಿ. ಸಿಮೆಂಟು ಬಿದ್ದರೆ ಗುಂಡಿ ಮುಚ್ಚಿತು, ಗುಂಡಿ ಮುಚ್ಚಿದರೆ ಬೋರು ಸತ್ತಿತು. ಗಂಗಕ್ಕ ಅಂದೇ ಕಚೇರಿಗೆ ಹೋದಳು.

ಅಲ್ಲಿ ಮೇಜಿನ ಮೇಲೆ ಎರಡು ಕಟ್ಟು ಫಾರ್ಮುಗಳು. ಒಂದರ ಮೇಲೆ ‘ಹರಕತ’, ಇನ್ನೊಂದರ ಮೇಲೆ ‘ನಾ ಹರಕತ’. ಹರಕತ ಎಂದರೆ ತಕರಾರು, ಅದು ನಮ್ಮ ಮಾತಿನಲ್ಲೂ ಇದೆ. ಗಂಗಕ್ಕ ಅಕ್ಷರ ಕೂಡಿಸಿದಳು, ಯೋಚಿಸಿದಳು. ಬರೀ ಹರಕತ ಎಂದರೆ ಯಾರ ಹರಕತ? ‘ನಾ’ ಎಂದು ಮುಂದೆ ಬರೆದಿದ್ದರೆ ಮಾತು ಗಟ್ಟಿ. ಎರಡನೆಯ ಕಟ್ಟಿನಿಂದ ನಲವತ್ತೆರಡು ಫಾರ್ಮು ಎಣಿಸಿಕೊಂಡು ಬಂದಳು. ಮರಾಠಿಯಲ್ಲಿ ಆ ‘ನಾ’ ಎಂದರೆ ‘ಇಲ್ಲ’.

ಮೊದಲ ಸಹಿ ನನ್ನದು. ಪಾಳಿಗೆ ಹೊತ್ತಾಗಿತ್ತು, ಸೈಕಲ್ಲಿನ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಗೀಚಿದೆ, ಓದಲಿಲ್ಲ. ಗಂಗಕ್ಕ ತಂದದ್ದು ಸರಿಯೇ ಇರುತ್ತದೆ ಎಂಬ ನಂಬಿಕೆಯಿಂದ ಓದಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬರೀ ಸೋಮಾರಿತನ. ನನ್ನ ಸಹಿ ನೋಡಿ ಉಳಿದವರೂ ಹಾಕಿದರು.

ವಾರ ಬಿಟ್ಟು ಬಯಲಿನ ಗೋಡೆಗೆ ಎರಡನೆಯ ನೋಟೀಸು ಅಂಟಿತು. ನಲವತ್ತೆರಡೂ ಮನೆಯವರು ತಕರಾರಿಲ್ಲವೆಂದು ಬರೆದುಕೊಟ್ಟಿದ್ದಾರೆ, ಬರುವ ಮಂಗಳವಾರ ಕೊನೆಯ ವಿಚಾರಣೆ. ಓದಿದವನೇ ಗಂಗಕ್ಕನ ಹತ್ತಿರ ಓಡಿದೆ. ಅರ್ಥ ಬಿಡಿಸಿ ಹೇಳಿದೆ. ಆಕೆ ಕಾಂಡಿಯ ಮಶೀನು ನಿಲ್ಲಿಸಿ ಎದ್ದಳು. ಆಮೇಲೆ ಅಂದಳು: “ಎಲ್ಲಾರನ್ನೂ ಕರಿ ರಾಜು. ಇವತ್ತ ಸಂಜಿಗೇ.”

ಸಂಜೆ ಬಯಲಿನಲ್ಲಿ ಗಲ್ಲಿಗೆ ಗಲ್ಲಿಯೇ ಸೇರಿತು. ಗಂಗಕ್ಕ ಎದ್ದು ನಿಂತು ಸುತ್ತು ಬಳಸದೆ ಹೇಳಿದಳು: “ನಂದ ತಪ್ಪಾತ್ರಿ. ಬ್ಯಾಡ ಅನ್ನೂ ಬದಲಿ ಆಗ್ಲಿ ಅಂತ ನಿಮ್ಮ ಕಡೆ ಬರಸ್ಕೊಂಡೇನಿ.”

ಹಿರಿಯ ಮಲ್ಲಾರಿಗೆ ಸಿಟ್ಟು ನೆತ್ತಿಗೇರಿತು. “ನಲವತ್ತೆರಡ ಮನಿ ನೀರಿಗೆ ಕಲ್ಲ ಹಾಕಿದೆಲ್ಲವಾ! ಓದಾಕ ಬರದಾಕಿಗೆ ಅಧ್ಯಕ್ಷಕಿ ಯಾಕ ಬೇಕಾಗಿತ್ತು? ರಾಜೂನ್ನ ಮಾಡ್ರಿ. ಅಂವಾ ಮರಾಠಿ ಕಲತಾಂವ.”

“ಹೌದ್ರಿ, ರಾಜೂನೇ ಆಗ್ಲಿ,” ಎಂದು ಹತ್ತು ದನಿ ಎದ್ದವು. ಗಂಗಕ್ಕನಿಗೆ ಎಲ್ಲ ಗೊತ್ತಿತ್ತು. ಮೊದಲ ಸಹಿ ಕಾರ್ಯದರ್ಶಿಯದು ಎಂದು ಒಂದು ಮಾತು ಆಡಿದ್ದರೆ ಆಕೆಯ ಭಾರ ಅರ್ಧ ಇಳಿಯುತ್ತಿತ್ತು. ಆಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಎದ್ದು ನಿಂತೆ. “ಆಕೀಗೆ ಓದಾಕ ಬರೂದಿಲ್ಲ, ತಪ್ಪ ಮಾಡಿದ್ಲು. ನನಗ ಓದಾಕ ಬರತೈತಿ, ನಾ ಓದಲಿಲ್ಲ. ಮೊದಲ ಸಹಿ ನಂದ. ಈಗ ಹೇಳ್ರಿ, ಯಾರನ್ನ ಇಳಸ್ತೀರಿ?”

ಮಲ್ಲಾರಿ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. “ಇಬ್ಬರೂ ಇರ್ರಿ,” ಎಂದ ಕಡೆಗೆ, “ಆದ್ರ ಇನ್ನ ಮ್ಯಾಲೆ ಓದಿ ಹೇಳದ ನಾ ಹೆಬ್ಬೆಟ್ಟ ಒತ್ತೂದಿಲ್ಲ.”

ಹಾಗೇ ಆಯಿತು. ಮರುದಿನದಿಂದ ನಾವಿಬ್ಬರೂ ಪಾಳಿ ಬಿಟ್ಟ ಮೇಲೆ ಮನೆಮನೆಗೆ ಹೋದೆವು. ಎರಡೂ ಬಗೆಯ ಫಾರ್ಮು ಒಯ್ಯಬೇಕೆಂದು ಗಂಗಕ್ಕನ ಹಟ. ಪ್ರತಿ ಮನೆಯಲ್ಲೂ ನಾನು ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಹೇಳಬೇಕು, ಅವರು ಕೇಳಿದ್ದಕ್ಕೆಲ್ಲ ಆಕೆ ಉತ್ತರ ಕೊಡಬೇಕು. ಒಂದೊಂದು ಮನೆಗೆ ಅರ್ಧ ತಾಸು. ನನ್ನ ಗಂಟಲು ಒಣಗಿ ಹೋಯಿತು.

ಕೊನೆಯ ಮನೆ ಜಿನಪಾಲನದು. ಬಾಡಿಗೆ ಟೆಂಪೋ ಓಡಿಸುವವನು. ಎಲ್ಲ ಕೇಳಿ ತಲೆ ತುರಿಸಿಕೊಂಡ. “ಖರೇ ಹೇಳ್ಲೇನಕ್ಕಾ? ಮೊದಲ ಎಲ್ಲಾರೂ ಹಾಕ್ಯಾರಂತ ಹಾಕಿದ್ದೆ. ನನಗ ಪಾರ್ಕಿಂಗ್ ಆದ್ರ ಭಾಳ ಚಲೋ. ಟೆಂಪೋ ನಿಲ್ಲಸಾಕ ಜಾಗಾ ಇಲ್ಲ.”

ನಾನು ಅವನ ಕೈಯಿಂದ ಫಾರ್ಮು ಕಿತ್ತುಕೊಂಡೆ. “ಇಂವನ್ನ ಬಿಡಕ್ಕಾ, ಇವಂದ ಕೊಡೂದ ಬ್ಯಾಡ.”

“ಯಾಕ ಬ್ಯಾಡ?” ಗಂಗಕ್ಕ ನನ್ನನ್ನೇ ಗದರಿದಳು. “ಇಂವಾ ಗಲ್ಲಿಯಾಂವ ಅಲ್ಲೇನು? ಆ ಇನ್ನೊಂದ ಫಾರ್ಮ್ ಕೊಡು. ಓದಿ ಹೇಳು ಮತ್ತ.”

ಮಂಗಳವಾರ ಜಿನಪಾಲನೇ ನಮ್ಮನ್ನು ಟೆಂಪೋದಲ್ಲಿ ತುಂಬಿಕೊಂಡು ಕಚೇರಿಗೆ ಒಯ್ದ. ಸಾಹೇಬರು ಎರಡೂ ಸಲದ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಮರಾಠಿಯಲ್ಲಿ ಕೇಳಿದರು: “ಹೋದ ಸಲ ಓದದೆ ಸಹಿ ಹಾಕಿದಿರಿ ಅಂತೀರಿ. ಈ ಸಲ ಓದಿದ್ದೀರಿ ಅಂತ ನಾನು ಹೇಗೆ ನಂಬಲಿ?”

ಗಂಗಕ್ಕ ತನ್ನ ಮುರುಕು ಮರಾಠಿಯಲ್ಲಿ, “ಪೂರಾ ಎಣಿಸಿ ನೋಡಿರಿ ಸಾಹೇಬ,” ಎಂದಳು.

ಅವರು ಎಣಿಸಿದರು. ನಲವತ್ತೊಂದು ಹರಕತ, ಒಂದು ನಾ ಹರಕತ. ಕನ್ನಡಕ ತೆಗೆದು ಆಕೆಯನ್ನು ನೋಡಿದರು. “ಇದು ನಿಮ್ಮ ವಿರುದ್ಧ ಇರುವ ಕಾಗದ. ನೀವೇ ತಂದಿರಾ?”

“ಅವನ ಮನೆಗೂ ಹೋಗಿದ್ದೆವಲ್ಲ ಸಾಹೇಬ.”

ಸಾಹೇಬರು ಆ ಒಂದು ಕಾಗದವನ್ನು ಉಳಿದ ನಲವತ್ತೊಂದರ ಮೇಲಿಟ್ಟರು. ಆಮೇಲೆ ಹಳೆಯ ನಲವತ್ತೆರಡರ ಮೇಲೆ ಗೆರೆ ಎಳೆದು, ಬಯಲಿಗೆ ಸಿಮೆಂಟು ಹಾಕಬಾರದು, ಇಂಗುಗುಂಡಿಯನ್ನು ಮಂಡಳವೇ ನೋಡಿಕೊಳ್ಳಲಿ ಎಂದು ಬರೆದರು. ನಾನು ಆ ಆದೇಶವನ್ನು ಮೂರು ಸಲ ಓದಿದೆ.

ಹೊರಗೆ ಜಿನಪಾಲ ಟೆಂಪೋಗೆ ಒರಗಿ ನಿಂತಿದ್ದ. “ಏನಾತಕ್ಕಾ?”

“ನೀ ಸೋತಿ ತಮ್ಮಾ.”

“ಆತ ಬಿಡ್ರಿ, ಹತ್ರಿ ಎಲ್ಲಾರೂ,” ಎಂದ. ಚಾವಿ ತಿರುಗಿಸುವವನು ಅರ್ಧಕ್ಕೆ ನಿಲ್ಲಿಸಿದ. “ಹಂಗಾರ ಟೆಂಪೋ ಎಲ್ಲಿ ನಿಲ್ಲಸ್ಲಿ?”

ಗಂಗಕ್ಕ ನನ್ನ ಕಡೆ ತಿರುಗಿದಳು. “ಬರ್ಕೋ ರಾಜು. ಮುಂದಿನ ಸಭಾದಾಗ ಮೊದಲ ಇವನ ಕೆಲಸ.”

ನಾನು ಬರೆದೆ. ಬರೆದದ್ದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ.